ಅಂಗಳದಲ್ಲಿ ಕಾರು, ಎದೆಯಲ್ಲಿ ಸಾಲ

“ಟೀಚರ್, ಕಾರು ಎಲ್ಲೈತ್ರಿ? ರಿಪೇರಿಗೆ ಬಿಟ್ಟೀರೇನು?”

ಗಂಗಾವತಿಯ ನಮ್ಮ ಓಣಿಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಮೊದಲ ಎರಡು ತಿಂಗಳು ನಾನು “ಹೂಂ” ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ಅದು ಸುಳ್ಳಾಗಿತ್ತು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವ ನಾನು ಒಂದು ಹಳೆಯ ಕಾರಿನ ವಿಷಯದಲ್ಲಿ ದಿನಕ್ಕೆ ನಾಲ್ಕು ಸಲ ಸುಳ್ಳು ಹೇಳುತ್ತಿದ್ದೆ. ಕಾರು ರಿಪೇರಿಗೆ ಹೋಗಿರಲಿಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಅದನ್ನು ಮಾರಿದ್ದೆವು. ಯಾಕೆ ಮಾರಿದೆವು ಎಂಬುದನ್ನು ಬಾಯಿಬಿಟ್ಟು ಹೇಳಲು ಆಗ ಧೈರ್ಯವಿರಲಿಲ್ಲ. ಈಗ ಹೇಳುತ್ತಿದ್ದೇನೆ. ನನ್ನಂತೆ ಒಳಗೊಳಗೇ ಬೇಯುತ್ತಿರುವ ಯಾರಾದರೂ ಒಬ್ಬ ಸಹೋದರಿಗೆ ಇದರಿಂದ ಪ್ರಯೋಜನವಾದರೆ ಸಾಕು.

ನಾನು ಹುಟ್ಟಿದ್ದು ಯಲಬುರ್ಗಾದಲ್ಲಿ. ಕಲಿತದ್ದು ಹೆಣ್ಣುಮಕ್ಕಳ ಮದ್ರಸದಲ್ಲಿ. ಮದುವೆಯಾಗಿ ಗಂಗಾವತಿಗೆ ಬಂದ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದೆ. ಹತ್ತೊಂಬತ್ತು ವರ್ಷದಿಂದ ಅನುದಾನವಿಲ್ಲದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಓಣಿಯ ಹುಡುಗಿಯರಿಗೆ ದೀನಿಯಾತ್ ಪಾಠ. ಇಂಥ ನನಗೂ ಕಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಸಂಬಂಧಿಕರೂ ಅದನ್ನೇ ಕೇಳಿದ್ದರು.

ಕಾರು ಬಂದದ್ದು ನನ್ನ ಮಹ್ರ್‌ನಿಂದ. 2001ರಲ್ಲಿ ನಮ್ಮ ನಿಕಾಹ್ ಆದಾಗ 31 ಸಾವಿರ ಮಹ್ರ್ ನಿಗದಿಯಾಗಿತ್ತು. ಹತ್ತು ಸಾವಿರ ಅಂದೇ ಕೊಟ್ಟು ಉಳಿದದ್ದು ಬಾಕಿ ಎಂದು ಬರೆದಿದ್ದರು. ನಮ್ಮ ಕಡೆ ಬಾಕಿ ಎಂದರೆ ಮರೆತಂತೆಯೇ ಲೆಕ್ಕ. ಎಷ್ಟೋ ಮನೆಗಳಲ್ಲಿ ಗಂಡ ಮರಣಶಯ್ಯೆಯಲ್ಲಿದ್ದಾಗ ಹೆಂಡತಿಯನ್ನು ಕರೆಸಿ “ಮಾಫ್ ಮಾಡು” ಎಂದು ಹೇಳಿಸುತ್ತಾರೆ. ಆದರೆ ನಮ್ಮವರು ಮರೆಯಲಿಲ್ಲ. ದಮ್ಮಾಮ್‌ನಲ್ಲಿ ಆರು ವರ್ಷ ದುಡಿದು ಬಂದವರು 2013ರಲ್ಲಿ ನನ್ನ ಕೈಗೆ 75 ಸಾವಿರ ರೂಪಾಯಿ ಇಟ್ಟರು. “ಬಾಕಿ ಇದ್ದದ್ದು 21 ಸಾವಿರ ತಾನೇ?” ಎಂದೆ. “ಉಳಿದದ್ದು ನನ್ನ ಖುಷಿಯಿಂದ ಕೊಡುವ ಹದಿಯಾ. ಇಷ್ಟು ವರ್ಷ ನೀನು ಒಂದು ಮಾತೂ ಕೇಳಲಿಲ್ಲ” ಎಂದರು. ಸಾಲ ತೀರಿಸುವಾಗ ಒಳ್ಳೆಯ ರೀತಿಯಲ್ಲಿ ತೀರಿಸುವವರೇ ಉತ್ತಮರು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾನು ಓದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅಂದು.

ಎಲ್ಲರೂ ಬಂಗಾರ ತೆಗೆದುಕೋ ಎಂದರು. ನಾನು ಕಾರು ಎಂದೆ.

ಅದಕ್ಕೊಂದು ಹಿನ್ನೆಲೆ ಇದೆ. ಫೋರ್ಡ್ ಐಕಾನ್ ಕಾರು ನಮ್ಮ ದೇಶದಲ್ಲಿ ಬಿಡುಗಡೆಯಾದದ್ದು 1999ರಲ್ಲಿ. ಚೆನ್ನೈ ಸಮೀಪದ ಮರೈಮಲೈ ನಗರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ ಜಾಹೀರಾತು ಟಿ.ವಿ.ಯಲ್ಲಿ ‘ಜೋಶ್ ಮೆಷಿನ್’ ಎಂದು ಬರುತ್ತಿತ್ತು. ಯಲಬುರ್ಗಾದಲ್ಲಿ ಪಕ್ಕದ ಮನೆಯ ಟಿ.ವಿ.ಯಲ್ಲಿ ಅದನ್ನು ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ಜೋಶ್ ನಮ್ಮ ಮನೆಯ ಮಾತು. ಉತ್ಸಾಹ, ಹುರುಪು ಎಂಬ ಅರ್ಥದಲ್ಲಿ ಅಬ್ಬಾ ದಿನವೂ ಬಳಸುತ್ತಿದ್ದ ಪದ. ನಮ್ಮ ಪದವನ್ನು ಹಣೆಯ ಮೇಲೆ ಬರೆದುಕೊಂಡು ಓಡುವ ಆ ಕಾರು ಹದಿಹರೆಯದ ಹುಡುಗಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಹೊಸಪೇಟೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಬಳಿ 2004ರ ಐಕಾನ್ ಇತ್ತು. ಗಾಢ ಕೆಂಪು ಬಣ್ಣ, 1.6 ಲೀಟರಿನ ಪೆಟ್ರೋಲ್ ಇಂಜಿನ್. ನಾನು ಟ್ಯೂಷನ್‌ನಿಂದ ಕೂಡಿಟ್ಟಿದ್ದ 35 ಸಾವಿರ ಸೇರಿಸಿ 1 ಲಕ್ಷ 10 ಸಾವಿರಕ್ಕೆ ತಂದೆವು. ಮೈದುನ ತಲೆಗೆ ಕೈ ಹೊತ್ತುಕೊಂಡ. “ಭಾಭಿ, ಇದು ಹುಡುಗರು ರೇಸ್ ಓಡಿಸುವ ಗಾಡಿ. ತೊಂಬತ್ತು ಕುದುರೆಗಳ ಶಕ್ತಿ. ಪೆಟ್ರೋಲ್ ಕುಡಿಯುತ್ತದೆ. ಒಂದು ಸಣ್ಣ ಕಾರು ತೆಗೆದುಕೊಳ್ಳಬಾರದಿತ್ತೇ?” ಎಂದ. ಅವನು ಹೇಳಿದ್ದು ನಿಜ. ಲೀಟರಿಗೆ ಹತ್ತು ಹನ್ನೊಂದು ಕಿಲೋಮೀಟರ್ ಕೊಟ್ಟರೆ ಅದೇ ದೊಡ್ಡದು.

ಎಪಿಎಂಸಿ ಯಾರ್ಡ್‌ನಲ್ಲಿ ವ್ಯಾಪಾರವಿಲ್ಲದ ಹೊತ್ತು ನೋಡಿ ಭಾನುವಾರ ಬೆಳಗ್ಗೆ ನಮ್ಮವರು ನನಗೆ ಓಡಿಸಲು ಕಲಿಸಿದರು. ಕೊಪ್ಪಳದ ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸ್ ಆಯಿತು. ಬುರ್ಖಾ ಹಾಕಿದ ಹೆಂಗಸು ಕೆಂಪು ಕಾರು ಓಡಿಸುವುದನ್ನು ನೋಡಲು ಮೊದಮೊದಲು ಹೋಟೆಲಿನವರೂ ಹೊರಗೆ ಬರುತ್ತಿದ್ದರು. ನಮ್ಮವರ ದೊಡ್ಡ ಫುಪ್ಪು, “ಹೆಣ್ಣು ಸ್ಟೇರಿಂಗ್ ಹಿಡಿದರೆ ಮನೆಯ ಬರ್ಕತ್ ಹೋಗುತ್ತದೆ” ಎಂದರು. ಮರು ತಿಂಗಳು ಕುಷ್ಟಗಿಯ ಮದುವೆಗೆ ಹೋಗುವಾಗ ಅವರೇ ಮುಂದಿನ ಸೀಟಿನಲ್ಲಿ ಕೂತು, “ಆ ತಂಪು ಗಾಳಿ ಸ್ವಲ್ಪ ಜೋರು ಮಾಡಮ್ಮಾ” ಎಂದರು. 2018ರ ಜೂನ್ 24ರಂದು ಸೌದಿ ಅರೇಬಿಯಾದಲ್ಲಿ ಮಹಿಳೆಯರ ಡ್ರೈವಿಂಗ್ ಮೇಲಿದ್ದ ನಿಷೇಧ ತೆರವಾದ ದಿನ ನಮ್ಮವರು ಸುದ್ದಿ ನೋಡುತ್ತಾ, “ಗಂಗಾವತಿ ಐದು ವರ್ಷ ಮುಂದಿದೆ” ಎಂದು ನಕ್ಕಿದ್ದರು.

ಆ ಕಾರಿನ ಸುಖವನ್ನು ಹೇಗೆ ಹೇಳಲಿ? ಗಂಗಾವತಿಯ ಭತ್ತದ ಗದ್ದೆಗಳ ಹಸಿರು ದಾಟಿ ಬೂದಗುಂಪಾ ಕ್ರಾಸಿನಲ್ಲಿ ಹೆದ್ದಾರಿ ಹತ್ತಿ ಕುಷ್ಟಗಿಯ ಕಡೆ ತಿರುಗಿಸಿ, ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ತಿರುವಿನಲ್ಲಿ ಅದು ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಹಸಿರು ಮುಗಿದು ಸಜ್ಜೆ, ತೊಗರಿ, ದಾಳಿಂಬೆಯ ಒಣ ಭೂಮಿ ಬರುತ್ತಿತ್ತು. ಯಲಬುರ್ಗಾ ಸಮೀಪಿಸಿದಾಗ ಕಡಲೆ, ಬಿಳಿಜೋಳದ ಕರಿ ಎರೆ. ಮೂರು ಬಣ್ಣದ ಮಣ್ಣು ದಾಟಿ ತವರಿಗೆ ಹೋಗಿ ಅಮ್ಮಿಯ ಕೈಯ ರೊಟ್ಟಿ ತಿಂದು ಮಗರಿಬ್‌ಗೆ ಮನೆ ಸೇರುತ್ತಿದ್ದೆ. ಅದಕ್ಕೆ ಮೊದಲು ತವರಿಗೆ ಹೋಗಬೇಕಾದರೆ ಯಾರಾದರೂ ಕರೆದುಕೊಂಡು ಹೋಗುವವರೆಗೆ ಕಾಯಬೇಕಿತ್ತು. ಹನ್ನೆರಡು ವರ್ಷ ಹಾಗೆ ಕಾದವಳಿಗೆ ಆ ಕಾರು ಏನಾಗಿತ್ತೆಂದು ಸಹೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದು ಬರೀ ನಮ್ಮ ಮನೆಯ ಕಾರಾಗಿಯೂ ಉಳಿಯಲಿಲ್ಲ. 2017ರಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಎದುರು ಮನೆಯ ಹೂವಿನವ್ವ ಬಾಗಿಲು ಬಡಿದಳು. ಮಾರ್ಕೆಟ್ಟಿನಲ್ಲಿ ಹೂ ಮಾರುವ ಆಕೆಯನ್ನು ಓಣಿಯೆಲ್ಲ ಹಾಗೆಯೇ ಕರೆಯುತ್ತದೆ. ಹೆರಿಗೆಗೆ ಬಂದಿದ್ದ ಮಗಳಿಗೆ ನೋವು ಬಂದು ರಕ್ತ ಹೋಗುತ್ತಿತ್ತು. ಆಂಬುಲೆನ್ಸ್‌ಗೆ ಕಾಯುವಷ್ಟು ಸಮಯವಿರಲಿಲ್ಲ. ನಮ್ಮವರು ಊರಲ್ಲಿರಲಿಲ್ಲ. ನಾನೇ ಸರಕಾರಿ ಆಸ್ಪತ್ರೆಗೆ ಓಡಿಸಿದೆ. ಸೀಟು ರಕ್ತವಾಯಿತು, ಮಗು ಉಳಿಯಿತು. ಆ ಸೀಟಿನ ಕಲೆ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

ಇನ್ನು ಸಾಲದ ಕಥೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮಂಥ ಅನುದಾನರಹಿತ ಶಾಲೆಗಳಲ್ಲಿ ಶುಲ್ಕ ಬಂದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಮೊದಲು ಅರ್ಧ ಸಂಬಳ, ಆಮೇಲೆ ಅದೂ ನಿಂತಿತು. 2021ರ ಜೂನ್‌ನಲ್ಲಿ ರಾಜ್ಯ ಸರಕಾರ ಇಂಥ ಶಿಕ್ಷಕರಿಗೆ ತಲಾ 5 ಸಾವಿರ ಪರಿಹಾರ ಘೋಷಿಸಿತು. ನೊಂದವರಿಗೆ ಅದೂ ಒಂದು ಆಸರೆಯೇ. ಆದರೆ ಅಷ್ಟರಲ್ಲಿ ನಮ್ಮ ಮನೆಯ ಗೋಡೆ ಬಿರುಕು ಬಿಟ್ಟಾಗಿತ್ತು. ನಮ್ಮವರದು ತೌಡಿನ ವ್ಯಾಪಾರ. ಗಂಗಾವತಿಯ ರೈಸ್ ಮಿಲ್ಲುಗಳಿಂದ ತೌಡು ಎತ್ತಿ ಎಣ್ಣೆ ಮಿಲ್ಲುಗಳಿಗೂ ದನದ ಮೇವಿನವರಿಗೂ ಕೊಡುವುದು. ಲಾರಿ ನಿಂತಿತು, ವ್ಯಾಪಾರವೂ ನಿಂತಿತು.

ಮೇ ತಿಂಗಳಲ್ಲಿ ಅಮ್ಮಿಗೆ ಉಸಿರಾಟದ ತೊಂದರೆಯಾಯಿತು. ಈ ಕಾರಿನ ಮುಂದಿನ ಸೀಟಿನಲ್ಲಿ, ಬೆನ್ನಿಗೆ ಆಕೆಯದೇ ಸಣ್ಣ ದಿಂಬು ಇಟ್ಟು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹನ್ನೆರಡು ದಿನ ಇದ್ದಳು. ಅಮ್ಮಿ ಉಳಿಯಲಿಲ್ಲ, ಬಿಲ್ಲು ಉಳಿಯಿತು. ಅರ್ಧ ಅಣ್ಣ ಕಟ್ಟಿದ. ನನ್ನ ಪಾಲಿಗೆ ಬಳೆ ಮಾರಿದೆ, ಚಿಕ್ಕಪ್ಪನ ಮಗನಿಂದ 30 ಸಾವಿರ ಕೈಗಡ ತಂದೆ. ಇನ್ನೂ ಸಾಲಲಿಲ್ಲ.

ಓಣಿಯಲ್ಲಿ ಹತ್ತು ಹೆಂಗಸರ ಗುಂಪು ಕಟ್ಟಿ ಸಾಲ ಕೊಡುವವರು ಬರುತ್ತಿದ್ದರು. ಆಧಾರ್ ಕಾರ್ಡ್, ಒಂದು ಫೋಟೋ, ಸಹಿ. ಅಡವಿಲ್ಲ, ಗಂಡನನ್ನು ಕೇಳುವವರೂ ಇಲ್ಲ ಅಂದುಕೊಂಡೆ. ಐವತ್ತು ಸಾವಿರ ತೆಗೆದುಕೊಂಡೆ. ಪ್ರತಿ ಮಂಗಳವಾರ ಬೆಳಗ್ಗೆ ಏಳೂವರೆಗೆ 1,150 ರೂಪಾಯಿ ಕಟ್ಟಬೇಕು. ಐವತ್ತೆರಡು ವಾರ. ಲೆಕ್ಕ ನೀವೇ ಹಾಕಿ. ಸಮಾಜ ವಿಜ್ಞಾನದ ಟೀಚರ್ ಆದ ನಾನು ಆ ಲೆಕ್ಕ ಹಾಕಲೇ ಇಲ್ಲ. ಹಾಕಿದರೆ ಸಹಿ ಮಾಡಲು ಕೈ ಏಳುತ್ತಿರಲಿಲ್ಲ.

ನಮ್ಮವರಿಗೆ ಹೇಳಲಿಲ್ಲ. “ಶಾಲೆಯಿಂದ ಮುಂಗಡ ಕೊಟ್ಟರು” ಎಂದೆ. ಇದು ಎರಡನೇ ಸುಳ್ಳು. ಮೊದಲ ಸಾಲ ತೀರುವ ಮೊದಲೇ ಅದೇ ಜನ ಎರಡನೇ ಸಾಲ ಕೊಟ್ಟರು. ಎರಡನೆಯದರಲ್ಲಿ ಮೊದಲನೆಯದರ ಬಾಕಿ ಮುರಿದುಕೊಂಡು ಉಳಿದದ್ದು ಕೈಗೆ. ಹೀಗೆ ಮೂರು ವರ್ಷ ತಿರುಗಿತು. ಗಾಣದ ಎತ್ತು ಎಷ್ಟು ನಡೆದರೂ ಊರು ಸೇರುವುದಿಲ್ಲ.

ಒಂದು ಭಾನುವಾರ ದೀನಿಯಾತ್ ತರಗತಿಯಲ್ಲಿ ಬಡ್ಡಿಯ ಪಾಠ ಬಂತು. ಆರನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಬಡ್ಡಿ ತಿನ್ನುವವರಿಗಷ್ಟೇ ಗುನಾಹ್ ಅಲ್ವಾ? ಕೊಡುವವರು ಪಾಪ ಬಡವರು” ಎಂದಳು. ತಿನ್ನುವವನು, ಕೊಡುವವನು, ಬರೆಯುವವನು, ಸಾಕ್ಷಿ ನಿಲ್ಲುವವನು ಎಲ್ಲರ ಹೆಸರೂ ಹದೀಸ್‌ನಲ್ಲಿ ಬಂದಿರುವುದು ನನಗೆ ಗೊತ್ತು. “ಮುಂದಿನ ವಾರ ಹೇಳುತ್ತೇನೆ” ಎಂದು ಪುಸ್ತಕ ಮುಚ್ಚಿದೆ. ಆ ಮುಂದಿನ ವಾರ ಬಹಳ ದಿನ ಬರಲಿಲ್ಲ.

ನೀವು ಕೇಳಬಹುದು: ಆಗಲೇ ಕಾರು ಮಾರಬಹುದಿತ್ತಲ್ಲ? ಹೌದು, ಮಾರಬಹುದಿತ್ತು. 2021ರಲ್ಲಿ ಪೆಟ್ರೋಲ್ ಬೆಲೆ ನೂರು ದಾಟಿದಾಗಲೇ ಬುದ್ಧಿ ಬರಬೇಕಿತ್ತು. ತಿಂಗಳಲ್ಲಿ ಎರಡು ಸಲ ಸ್ಟಾರ್ಟ್ ಮಾಡಿ ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತಿದ್ದೆ. ಅದಕ್ಕೆ ವಿಮೆ, ಬ್ಯಾಟರಿ, ಟೈರು ಎಂದು ಖರ್ಚು ಮಾತ್ರ ತಪ್ಪುತ್ತಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಕಂಪೆನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ, “ಇನ್ನು ಇದರ ಬೆಲೆ ಬೀಳುತ್ತದೆ” ಎಂದು ಮೈದುನ ಎಚ್ಚರಿಸಿದ್ದ. ಆದರೆ ಆ ಮುಂದಿನ ಸೀಟಿನಲ್ಲಿ ಅಮ್ಮಿಯ ದಿಂಬು ಹಾಗೇ ಇತ್ತು. ಮತ್ತೊಂದು ಮಾತು, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಳದಲ್ಲಿ ಕಾರು ನಿಂತಿರುವವರೆಗೆ ನಮ್ಮ ಮನೆಯ ಕಷ್ಟ ಯಾರಿಗೂ ಕಾಣುತ್ತಿರಲಿಲ್ಲ. ಅದು ನಮ್ಮ ಮನೆಯ ಪರದೆಯಾಗಿತ್ತು.

2023ರಲ್ಲಿ ಬರ ಬಿತ್ತು. ತುಂಗಭದ್ರಾ ಅಣೆಕಟ್ಟು ತುಂಬಲಿಲ್ಲ. ಬೇಸಿಗೆ ಬೆಳೆಗೆ ನೀರಿಲ್ಲದೆ ಎಡದಂಡೆಯ ಗದ್ದೆಗಳು ಒಣಗಿ ನಿಂತವು. ಭತ್ತವಿಲ್ಲದೆ ಮಿಲ್ಲು ಇಲ್ಲ, ಮಿಲ್ಲಿಲ್ಲದೆ ತೌಡಿಲ್ಲ. ನಮ್ಮವರು ಬೇರೆಯವರ ಲಾರಿಗೆ ಲೋಡು ಹುಡುಕಿಕೊಡುವ ಕೆಲಸಕ್ಕೆ ಹೋಗತೊಡಗಿದರು.

2024ರ ಆಗಸ್ಟ್ ಮೊದಲ ವಾರದ ಮಂಗಳವಾರ. ಹಿಂದಿನ ದಿನ ಮಗನ ಕಾಲೇಜಿಗೆ ಹಣ ಕಟ್ಟಿದ್ದರಿಂದ ನನ್ನ ಬಳಿ ಇದ್ದದ್ದು ನೂರ ಎಂಬತ್ತು ರೂಪಾಯಿ. ಗುಂಪಿನ ನಿಯಮ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಒಬ್ಬಳು ಕಟ್ಟದಿದ್ದರೆ ಉಳಿದವರು ಸೇರಿಸಿ ಕಟ್ಟಬೇಕು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ವಸೂಲಿಗೆ ಬಂದ ಹುಡುಗ ನನ್ನ ಹಳೆಯ ವಿದ್ಯಾರ್ಥಿಯ ವಯಸ್ಸಿನವನು. “ಮೇಡಂ, ನೀವೇ ಹಿಂಗ ಮಾಡಿದ್ರ ಹೆಂಗ್ರಿ?” ಎಂದ. ಎಂಟು ಗಂಟೆಯಾಯಿತು. ಕೆಲಸಕ್ಕೆ ಹೋಗಬೇಕಾದವರು ನನ್ನ ಮುಖ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಆಗ ಹೂವಿನವ್ವ ಸೊಂಟದ ಚೀಲ ಬಿಚ್ಚಿದಳು. ಹತ್ತರ, ಇಪ್ಪತ್ತರ ನೋಟುಗಳು, ಚಿಲ್ಲರೆ. ಅದು ಬೆಳಗ್ಗೆ ಮಲ್ಲಿಗೆ ಎತ್ತಲು ಇಟ್ಟುಕೊಂಡ ಬಂಡವಾಳ. ಎಣಿಸಿ ನನ್ನ ಪಾಲಿನ 1,150 ಕೊಟ್ಟಳು. ಹೊರಗೆ ಬಂದ ಮೇಲೆ ನಾನು ಆಕೆಯ ಕೈ ಹಿಡಿದೆ. “ಅವ್ವಾ, ಇವತ್ತು ಹೂವಿಗೆ ಏನ್ ಮಾಡ್ತೀಯಾ?” ಎಂದೆ. “ಒಂದಿನ ಮಾರದಿದ್ರ ಸಾಯಂಗಿಲ್ಲ ಬಿಡು ಟೀಚರಮ್ಮಾ. ಅವತ್ತು ರಾತ್ರಿ ನಿನ್ನ ಗಾಡಿ ಇಲ್ಲದಿದ್ರ ನನ್ನ ಮೊಮ್ಮಗ ಎಲ್ಲಿರ್ತಿದ್ದ?” ಎಂದಳು.

ಆಕೆ ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನನ್ನ ಕಾರಿನ ಋಣ ನೆನೆದು ಆಕೆ ತನ್ನ ದಿನದ ಅನ್ನ ಕೊಟ್ಟಳು. ಆ ಕಾರು ಇನ್ನೂ ನನ್ನ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅಂದು ಝುಹ್ರ್ ನಮಾಝಿನಲ್ಲಿ ಸಜ್ದಾಕ್ಕೆ ಹೋದವಳಿಗೆ ತಲೆ ಎತ್ತಲಾಗಲಿಲ್ಲ.

ಅದೇ ವಾರ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಬರ ಕಳೆದು ಆ ವರ್ಷ ಡ್ಯಾಂ ತುಂಬಿದೆ ಎಂದು ಸಂಭ್ರಮಿಸುತ್ತಿದ್ದ ಗಂಗಾವತಿಯಲ್ಲಿ ಅಂದು ಯಾರ ಮನೆಯಲ್ಲೂ ನಿದ್ದೆಯಿಲ್ಲ. ತುಂಬಿದ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು. ನಮ್ಮವರು ಫಜ್ರ್ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತರು. “ಈ ವರ್ಷವೂ ತೌಡಿಲ್ಲವೇನೋ” ಎಂದರು. (ವಾರದೊಳಗೆ ತಜ್ಞರು ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು, ಅಲ್‌ಹಮ್ದುಲಿಲ್ಲಾಹ್. ಆದರೆ ಅಂದು ಅದು ಯಾರಿಗೆ ಗೊತ್ತು?) ಒಂದು ಚೈನು ಸವೆಯುತ್ತಾ ಬಂದದ್ದು ಕಡಿಯುವವರೆಗೆ ಕಾಣಲಿಲ್ಲ. ನನ್ನ ಮನೆಯಲ್ಲೂ ಹಾಗೆಯೇ ಆಗುವುದೆಂದು ನನಗೆ ಭಯವಾಯಿತು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಮೂರು ವರ್ಷದ ಮಂಗಳವಾರಗಳು, ಮುಂಗಡದ ಸುಳ್ಳು, ಹೂವಿನವ್ವನ ಚಿಲ್ಲರೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಾಕಿ ಎಷ್ಟಿದೆ?” ಎಂದರು. “41 ಸಾವಿರ” ಎಂದೆ.

“ನನ್ನಿಂದ ಯಾಕೆ ಮುಚ್ಚಿಟ್ಟೆ?”

“ನಿಮ್ಮ ಕೈಯಲ್ಲಿ ಇಲ್ಲವೆಂದು ಗೊತ್ತಿತ್ತು. ಕೇಳಿ ನಿಮ್ಮ ಮುಖ ಬಾಡುವುದನ್ನು ನೋಡಲಾಗುತ್ತಿರಲಿಲ್ಲ.”

“ಈಗ ನೋಡಿದೆಯಲ್ಲ” ಎಂದರು. ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು.

“ಕಾರು ಮಾರೋಣ” ಎಂದೆ. ಅದಕ್ಕೆ ಅವರು ಹೇಳಿದ್ದು ಇಂದಿಗೂ ನೆನಪಿದೆ. “ಅದು ನಿನ್ನ ಮಹ್ರ್. ಮಾರು ಎಂದು ಹೇಳುವ ಹಕ್ಕು ನನಗಿಲ್ಲ. ನಾಳೆ ನಿನ್ನ ಮನಸ್ಸಿಗೆ ಬಂದರೂ ನಾನು ಹೇಳಿದೆ ಎಂದಾಗಬಾರದು.” ಹೆಣ್ಣಿನ ಮಹ್ರ್ ಆಕೆಯದೇ, ಆಕೆ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಮುಟ್ಟಬಹುದು ಎಂದು ಕುರ್‌ಆನ್‌ನ ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಬರುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ನಮ್ಮವರು ಎರಡನೇ ಸಲ ಬದುಕಿ ತೋರಿಸಿದರು. “ಅದು ನನ್ನ ಸಾಲ, ನನ್ನ ಕಾರಿನಿಂದಲೇ ತೀರಲಿ” ಎಂದೆ. ಅವರು ಮೆಲ್ಲಗೆ ನಕ್ಕು, “ಜೋಶ್ ಹೋಗುತ್ತದೆ, ಹೋಶ್ ಬರುತ್ತದೆ” ಎಂದರು. ಹೋಶ್ ಎಂದರೆ ಎಚ್ಚರ.

ಮಾರುವುದೂ ಸುಲಭವಿರಲಿಲ್ಲ. 2004ರ ಜುಲೈಯಲ್ಲಿ ನೋಂದಣಿಯಾದ ಗಾಡಿ. ಹದಿನೈದು ವರ್ಷ ತುಂಬಿದಾಗ, 2019ರಲ್ಲಿ, ಐದು ವರ್ಷಕ್ಕೆ ನವೀಕರಿಸಿದ್ದೆವು. ಆಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5 ಸಾವಿರವಾಗಿತ್ತು. ನಮ್ಮ ಅವಧಿ ಆ ಜುಲೈಯಲ್ಲೇ ಮುಗಿದಿತ್ತು. ಇಪ್ಪತ್ತು ವರ್ಷದ ಗಾಡಿಗೆ ಯಾರು ಬರುತ್ತಾರೆ?

ಬ್ರೋಕರ್ ಒಬ್ಬ ಬಂದು ಸುತ್ತು ಹಾಕಿದ. “ಬಾಡಿ ಚಲೋ ಐತ್ರಿ. ಐವತ್ತೈದು ಹೇಳೋಣ, ಐವತ್ತೆರಡಕ್ಕ ಬಿಡೋಣ. ಆದ್ರ ಒಂದು ಮಾತು. ಹೆಡ್ ಬಿಚ್ಚಿದ ಸುದ್ದಿ ತೆಗೀಬ್ಯಾಡ್ರಿ” ಎಂದ. ಅದು ನನ್ನ ತಪ್ಪಿನ ಕಥೆ. 2018ರಲ್ಲಿ ಕುಷ್ಟಗಿಗೆ ಹೋಗುವಾಗ ಹೀಟ್ ಮೀಟರಿನ ಸೂಜಿ ಮೇಲೇರಿದ್ದನ್ನು ನೋಡಿಯೂ, ಇನ್ನು ಹತ್ತು ಕಿಲೋಮೀಟರ್ ತಾನೇ ಎಂದು ನಿಲ್ಲಿಸದೆ ಓಡಿಸಿದ್ದೆ. ಗ್ಯಾಸ್ಕೆಟ್ ಸುಟ್ಟು ಇಂಜಿನ್ನಿನ ಹೆಡ್ ಬಿಚ್ಚಿಸಬೇಕಾಯಿತು. ಅಂದಿನಿಂದ ದೂರದ ದಾರಿಯಲ್ಲಿ ಅದು ಬಿಸಿಯಾಗುತ್ತಿತ್ತು, ನಿಲ್ಲಿಸಿ ನೀರು ನೋಡಬೇಕಿತ್ತು. ಬ್ರೋಕರ್ ಮುಂದುವರಿದು, “ಕಿಲೋಮೀಟರ್ 1 ಲಕ್ಷ 46 ಸಾವಿರ ಐತಿ. ಅದನ್ನ ಎಂಬತ್ತಕ್ಕ ಇಳಿಸೋ ಹುಡುಗ ಅದಾನ್ರಿ, ಐನೂರು ತಗೋತಾನ” ಎಂದ.

ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಪ್ರಸಂಗ ನಿಮಗೆ ಗೊತ್ತು. ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದ್ದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಭತ್ತದ ಊರಿನ ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಎಂಟು ಸಾವಿರ ರೂಪಾಯಿಗೆ ಆ ಪಾಠವನ್ನು ಮಾರಲೇ ಎಂದು ಒಂದು ರಾತ್ರಿ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಆಸೆ ಆಯಿತು. ಎಂಟು ಸಾವಿರ ಎಂದರೆ ಮನೆಗೆ ಎರಡು ತಿಂಗಳ ದಿನಸಿ.

ಕೊಳ್ಳಲು ಬಂದವನು ಯಲಬುರ್ಗಾದ ಯುವ ಮೆಕ್ಯಾನಿಕ್. ಬಾನೆಟ್ ಎತ್ತಿ ಒಂದು ಗಳಿಗೆ ಸುಮ್ಮನೆ ನಿಂತ. “ಅಕ್ಕಾರ, ಇದು ಜೋಶ್ ಮೆಷಿನ್ ಅಲ್ರೀ! ಸಣ್ಣಾವಿದ್ದಾಗಿಂದ ನನಗ ಇದರ ಹುಚ್ಚು” ಎಂದ. ಬ್ರೋಕರ್ ಕಣ್ಸನ್ನೆ ಮಾಡುತ್ತಿದ್ದ. ನಾನು ಹೆಡ್ ಬಿಚ್ಚಿಸಿದ್ದು, ಬಿಸಿಯಾಗುವುದು, ಹಿಂದಿನ ಸೀಟಿನ ಕಲೆ, ಅವಧಿ ಮುಗಿದ ನೋಂದಣಿ ಎಲ್ಲ ಹೇಳಿದೆ. ಹುಡುಗ ತಲೆಯಾಡಿಸಿ, “ಹೆಡ್ ಬಿಚ್ಚಿದ್ದು ಬೋಲ್ಟ್ ನೋಡಿದ ಕೂಡಲೇ ಗೊತ್ತಾತ್ರಿ. ಹೇಳ್ತೀರೋ ಇಲ್ಲೋ ಅಂತ ಕಾಯ್ತಿದ್ದೆ” ಎಂದ. ಹಾಗೆಂದು ಅವನು ಬೆಲೆ ಬಿಟ್ಟುಕೊಡಲಿಲ್ಲ, ಅವನೂ ದುಡಿದು ತಿನ್ನುವವನೇ. 44 ಸಾವಿರಕ್ಕೆ ಮಾತು ನಿಂತಿತು. ನವೀಕರಣದ ಖರ್ಚು ಅವನದು.

ಕಾರನ್ನು ನಾನೇ ಓಡಿಸಿಕೊಂಡು ಹೋಗಿ ಕೊಡುತ್ತೇನೆಂದು ನಮ್ಮವರಿಗೆ ಹೇಳಿದೆ. ಗಿಣಿಗೇರಿ ದಾಟಿ ಕೊಪ್ಪಳಕ್ಕೆ ಬಂದೆವು. ಆರ್‌ಟಿಒ ಕಚೇರಿಯ ಕೆಲಸ ಮುಗಿಸಿ, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದೆ. ಕೋಟೆಯ ಗುಡ್ಡ ಬೆನ್ನಿಗೆ ಬಿತ್ತು. ಯಲಬುರ್ಗಾದ ದಾರಿಯಲ್ಲಿ ಮಳೆಯಾಗಿತ್ತು, ಎರೆಯ ವಾಸನೆ ಬರುತ್ತಿತ್ತು. ನಮ್ಮವರು, “ಒಂದು ಸಲ ಮೂರನೇ ಗೇರಿನಲ್ಲಿ ಒತ್ತು” ಎಂದರು. ಒತ್ತಲಿಲ್ಲ. ಇಂಜಿನ್ ಬಿಸಿಯಾದರೆ ಹುಡುಗನಿಗೆ ಮೋಸವಾಗುತ್ತದೆ ಎಂದೆ. ನಿಜ ಹೇಳಬೇಕೆಂದರೆ, ಒತ್ತಿದ್ದರೆ ನಾನು ಕಾರು ತಿರುಗಿಸಿಬಿಡುತ್ತಿದ್ದೆ.

ಕೀಲಿ ಕೊಟ್ಟು ಅಮ್ಮಿಯ ದಿಂಬು ಎತ್ತಿಕೊಂಡೆ. ಅಷ್ಟೇ ನಾನು ಕಾರಿನಿಂದ ತಂದದ್ದು.

ಬಸ್ಸಿನಲ್ಲಿ ಮರಳಿದೆವು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣವಿದೆ. ವರ್ಷ ದಾಟಿದ್ದರೂ ಮಾನ ಹೋಗುತ್ತದೆಂದು ನಾನು ಅದನ್ನು ಬಳಸಿರಲಿಲ್ಲ. ಕಂಡಕ್ಟರ್ ಶೂನ್ಯ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಪಕ್ಕದಲ್ಲಿ ಕೂತಿದ್ದ ಕುಕನೂರಿನ ಹೆಂಗಸು ಬುಟ್ಟಿಯಿಂದ ಹಸಿ ಶೇಂಗಾ ತೆಗೆದು ನನ್ನ ಮಡಿಲಿಗೆ ಹಾಕಿದಳು. ಕಾರಿನಲ್ಲಿ ಹನ್ನೊಂದು ವರ್ಷ ಓಡಾಡಿದಾಗ ಯಾರೂ ನನಗೆ ಶೇಂಗಾ ಕೊಟ್ಟಿರಲಿಲ್ಲ.

ಮರುದಿನ ಬ್ರೋಕರ್‌ಗೆ ಒಂದು ಸಾವಿರ, ಗುಂಪಿನ ಸಾಲಕ್ಕೆ 41 ಸಾವಿರ, ಹೂವಿನವ್ವನಿಗೆ 1,150. ಕೈಯಲ್ಲಿ ಉಳಿದದ್ದು 850 ರೂಪಾಯಿ. ಸಾಲ ಮುಗಿದ ಚೀಟಿಯನ್ನು ಕೇಳಿ ಪಡೆದೆ. ಚಿಕ್ಕಪ್ಪನ ಮಗನ 30 ಸಾವಿರ ಬಾಕಿ ಇತ್ತು. ಅದು ಬಡ್ಡಿಯಿಲ್ಲದ ಕೈಗಡ, ಬರೆದದ್ದೇನೂ ಇರಲಿಲ್ಲ. ಅವನನ್ನು ಕರೆಸಿ, ಇಬ್ಬರು ಸಾಕ್ಷಿಗಳ ಮುಂದೆ ತಿಂಗಳಿಗೆ 1,500ರಂತೆ ಕೊಡುವುದಾಗಿ ಕಾಗದ ಮಾಡಿದೆವು. ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಯಾವುದೆಂದು ಮಕ್ಕಳನ್ನು ಕೇಳುತ್ತೇವೆ. ಅದು ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ ಎಂಬುದನ್ನು ನಾವು ದೊಡ್ಡವರು ಮರೆಯುತ್ತೇವೆ. ಅದಕ್ಕೆ ಎರಡು ಸೂಕ್ತ ಮೊದಲು, ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದು ಸಾಲ ಕೊಟ್ಟವನಿಗೂ ಆದೇಶವಿದೆ.

ಸಹೋದರಿಯರೇ, ನನ್ನ ತಪ್ಪಿನಿಂದ ಕಲಿತ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಸಾಲವನ್ನು ಗಂಡನಿಂದಾಗಲಿ ಮನೆಯವರಿಂದಾಗಲಿ ಮುಚ್ಚಿಡಬೇಡಿ. ಮುಚ್ಚಿಟ್ಟ ಸಾಲ ಮುಚ್ಚಿಟ್ಟ ಹುಣ್ಣಿನಂತೆ ಬೆಳೆಯುತ್ತದೆ. ವಾರದ ಕಂತನ್ನು ವಾರದ ಸಂಖ್ಯೆಯಿಂದ ಗುಣಿಸಿ ನೋಡಿದ ಮೇಲೆಯೇ ಸಹಿ ಹಾಕುವ ಬಗ್ಗೆ ಯೋಚಿಸಿ. ಬೆದರಿಸಿ, ಅವಮಾನಿಸಿ ಸಾಲ ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದರಲ್ಲಿ ಹತ್ತು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಯಾರಾದರೂ ಬಾಗಿಲಲ್ಲಿ ಕೂತು ಹಿಂಸಿಸಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಇನ್ನು ಗಾಡಿ ಮಾರುವುದಾದರೆ ಹಣ ಬಂತೆಂದು ಸುಮ್ಮನಾಗಬೇಡಿ. ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಕೊಂಡವರ ಹೆಸರಿಗೆ ಆಗಿದೆಯೇ ಎಂದು ನೋಡಿ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಅದು ಯಲಬುರ್ಗಾದ ಮೇಲೆಯೇ ಹೋಗುತ್ತದೆ. ಅಬ್ಬಾ ಫೋನ್ ಮಾಡಿ, “ಇನ್ನು ನಿನಗೆ ಕಾರು ಯಾಕಮ್ಮಾ?” ಎಂದರು. ಅದೇ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 10 ಸಾವಿರಕ್ಕೆ ಏರಿಸಿತು. ಮಾರಿದ್ದು ಒಳ್ಳೆಯದಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೌದೆನ್ನುತ್ತೇನೆ. ಆದರೂ ತವರಿಗೆ ಹೋದಾಗ ಗ್ಯಾರೇಜಿನ ಮುಂದಿನ ದಾರಿಯಲ್ಲಿ ನಡೆಯುವುದಿಲ್ಲ. ಒಂದು ಸಲ ದೂರದಿಂದ ಕಂಡೆ. ಹುಡುಗ ಹೊಸ ಬಣ್ಣ ಹೊಡೆಸಿದ್ದಾನೆ, ಅದೇ ಕೆಂಪು.

ಆ ಆರನೇ ತರಗತಿಯ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಕಾರು ಮಾರಿದ ಮೂರನೇ ತಿಂಗಳು ಅವಳಿಗೆ ಉತ್ತರ ಕೊಟ್ಟೆ. ಬಡ್ಡಿ ಕೊಡುವುದೂ ತಪ್ಪೇ, ಆ ತಪ್ಪನ್ನು ನಿಮ್ಮ ಟೀಚರ್ ಮಾಡಿದ್ದಾಳೆ, ಹೀಗೆ ಹೊರಬಂದಳು ಎಂದು ತರಗತಿಯ ಮುಂದೆ ಹೇಳಿದೆ. ಹುಡುಗಿಯರು ಉಸಿರು ಬಿಡದೆ ಕೇಳಿದರು. ಮರುದಿನ ಇಬ್ಬರು ತಾಯಂದಿರು ತಮ್ಮ ಸಾಲದ ಚೀಟಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಕೂತು ಲೆಕ್ಕ ಹಾಕಿದೆವು. ಅಂದಿನಿಂದ “ಕಾರು ಎಲ್ಲೈತ್ರಿ?” ಎಂದು ಯಾರಾದರೂ ಕೇಳಿದರೆ, “ಸಾಲ ಇತ್ತು, ಮಾರಿದೆವು” ಎಂದೇ ಹೇಳುತ್ತೇನೆ.

ಈಗಲೂ ಮಂಗಳವಾರ ಬೆಳಗ್ಗೆ ಏಳೂವರೆಗೆ ನಮ್ಮ ಬಾಗಿಲು ಬಡಿಯುವ ಸದ್ದಾಗುತ್ತದೆ. ಹಾಲಿನವನು. ಪಾತ್ರೆ ಹಿಡಿದು ನಾನೇ ಹೋಗಿ ಬಾಗಿಲು ತೆಗೆಯುತ್ತೇನೆ.